ಮಹಾಕ್ಷತ್ರಪ ರುದ್ರದಾಮ: ಸುದರ್ಶನದ ಏರಿಯನ್ನು ಕಟ್ಟಿಸಿದ ಶಕ ದೊರೆ

ಸೌರಾಷ್ಟ್ರದ ಜುನಾಗಢ ಪಟ್ಟಣದಿಂದ ಗಿರಿನಾರ ಪರ್ವತಕ್ಕೆ ಹೋಗುವ ಮಾರ್ಗದಲ್ಲಿ ಒಂದು ದೊಡ್ಡ ಬಂಡೆಯಿದೆ. ಅದರ ಒಂದು ಮೈಯಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಹದಿನಾಲ್ಕು ಧರ್ಮಶಾಸನಗಳಿವೆ. ಇನ್ನೊಂದು ಮೈಯಲ್ಲಿ ಗುಪ್ತ ಸಾಮ್ರಾಟ ಸ್ಕಂದಗುಪ್ತನ ಕಾಲದ ಪದ್ಯಶಾಸನವಿದೆ. ಕಾಲದಲ್ಲಿ ಇವೆರಡಕ್ಕೂ ನಡುವೆ ಸಲ್ಲುವ ಮೂರನೆಯ ಬರಹವೊಂದು ಬಂಡೆಯ ಮೇಲ್ಭಾಗದಲ್ಲಿ ಇಪ್ಪತ್ತು ಸಾಲುಗಳಲ್ಲಿ ಕೊರೆಯಲ್ಪಟ್ಟಿದೆ. ಅಲ್ಲಲ್ಲಿ ಕಲ್ಲಿನ ಚಕ್ಕೆ ಹಾರಿ ಅಕ್ಷರಗಳು ನಷ್ಟವಾಗಿದ್ದರೂ ಉಳಿದಿರುವಷ್ಟು ಭಾಗವೇ ಭಾರತದ ಸಾಂಸ್ಕೃತಿಕ ಇತಿಹಾಸದಲ್ಲಿ ಒಂದು ಮೈಲಿಗಲ್ಲಾಗಿ ನಿಂತಿದೆ. ದೀರ್ಘ ಸಮಾಸಗಳಿಂದ ಕೂಡಿದ ಪ್ರೌಢ ಸಂಸ್ಕೃತ ಗದ್ಯದಲ್ಲಿ ರಚಿತವಾದ ವಿಸ್ತಾರವಾದ ರಾಜಪ್ರಶಸ್ತಿಗಳಲ್ಲಿ ನಮಗೆ ದೊರೆತಿರುವ ಅತ್ಯಂತ ಪ್ರಾಚೀನವಾದುದು ಇದೇ. ೧೮೩೮ರಲ್ಲಿ ಜೇಮ್ಸ್ ಪ್ರಿನ್ಸೆಪ್ ಇದರ ಪಾಠವನ್ನು ಪ್ರಕಟಿಸಿದಂದಿನಿಂದ ವಿದ್ವಾಂಸರು ಇದನ್ನು ಮತ್ತೆ ಮತ್ತೆ ಓದಿದ್ದಾರೆ.

ಇದನ್ನು ಬರೆಸಿದ ದೊರೆ ಋಷಿಕುಲದಲ್ಲಿ ಹುಟ್ಟಿದವನಲ್ಲ, ಸೂರ್ಯಚಂದ್ರ ವಂಶಗಳವನೂ ಅಲ್ಲ. ಶಾಸ್ತ್ರಕಾರರು ಹೊರಗಿನವರೆಂದು ಎಣಿಸಿದ ಶಕರ ಕುಲದಲ್ಲಿ ಹುಟ್ಟಿದವನು. ಅವನ ಹೆಸರು ರುದ್ರದಾಮ. ಬಾಣನು ಹರ್ಷನಿಗೆ ಬರೆದಂತೆ ಇವನಿಗೆ ಯಾರೂ ಚರಿತೆ ಬರೆಯಲಿಲ್ಲ. ಈ ಬಂಡೆಯ ಬರಹ, ಕಚ್ಛದ ಕೆಲವು ಸ್ಮಾರಕಶಿಲೆಗಳು, ಬೆರಳುಗುರಿನಷ್ಟು ಅಗಲದ ಬೆಳ್ಳಿಯ ನಾಣ್ಯಗಳು, ಕೊಂಕಣದ ಒಂದು ಗುಹಾಶಾಸನ, ಇಷ್ಟನ್ನೇ ಜೋಡಿಸಿ ಅವನ ಜೀವನವನ್ನು ತಿಳಿಯಬೇಕಾಗಿದೆ. ಆದರೆ ಆ ಜೀವನವನ್ನು ಅರಿಯುವ ಮುನ್ನ ಅವನ ಪೂರ್ವಜರು ನಡೆದುಬಂದ ದಾರಿಯನ್ನು ಒಮ್ಮೆ ನೋಡುವುದು ಅವಶ್ಯಕ.

ಕಪ್ಪು ಸಮುದ್ರದ ಉತ್ತರ ದಡದಿಂದ ಚೀನದ ಗಡಿಯವರೆಗೆ ಹಬ್ಬಿರುವ ಹುಲ್ಲುಗಾವಲಿನಲ್ಲಿ ಕ್ರಿಸ್ತಪೂರ್ವದ ಮೊದಲ ಸಹಸ್ರಮಾನದಲ್ಲಿ ಕುದುರೆಯೇರಿ ಅಲೆಯುತ್ತಿದ್ದ ಜನಾಂಗಗಳಿದ್ದವು. ಇವರಲ್ಲಿ ಪಶ್ಚಿಮದವರನ್ನು ಗ್ರೀಕರು ಸಿಥಿಯನ್ನರೆಂದು ಕರೆದರು. ಪಾರಸೀಕರು ಪಶ್ಚಿಮದವರು, ಪೂರ್ವದವರು ಎಂಬ ಭೇದವಿಲ್ಲದೆ ಎಲ್ಲರನ್ನೂ ಶಕರೆಂದರು. ಅವರ ನುಡಿ ಇರಾನೀ ವರ್ಗಕ್ಕೆ ಸೇರಿದುದು. ಕ್ರಿ.ಪೂ. ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಅವರ ಬದುಕನ್ನು ವಿವರವಾಗಿ ವರ್ಣಿಸಿದ್ದಾನೆ. ಅವರಲ್ಲಿ ಅಲೆಮಾರಿಗಳಾದವರಿಗೆ ಊರಿಲ್ಲ, ಕೋಟೆಯಿಲ್ಲ, ಉತ್ತು ಬಿತ್ತುವ ಹೊಲವಿಲ್ಲ; ಬಂಡಿಯೇ ಮನೆ, ಹಿಂಡೇ ಸಂಪತ್ತು. ಕ್ರಿ.ಪೂ. ೫೧೩ರ ಸುಮಾರಿಗೆ ಪಾರಸೀಕ ಸಾಮ್ರಾಟ ದಾರಯವಹುವು ಮಹಾಸೈನ್ಯದೊಡನೆ ಅವರ ಮೇಲೆ ಏರಿಹೋದಾಗ ಅವರು ಎದುರು ನಿಂತು ಕಾದಲಿಲ್ಲ. ಹುಲ್ಲನ್ನು ಸುಡುತ್ತ, ಬಾವಿಗಳನ್ನು ಮುಚ್ಚುತ್ತ ಹಿಂದೆ ಹಿಂದೆ ಸರಿದರು; ಕಾಪಾಡಿಕೊಳ್ಳಬೇಕಾದ ಊರೇ ಇಲ್ಲದವರನ್ನು ಸೋಲಿಸುವ ಬಗೆ ತಿಳಿಯದೆ ಸಾಮ್ರಾಟನು ಮರಳಬೇಕಾಯಿತು. ಅವರ ಅರಸರು ಸತ್ತರೆ ಕುದುರೆಗಳೊಡನೆ, ಚಿನ್ನದೊಡನೆ ಹೂಳಿ ಮೇಲೆ ಮಣ್ಣಿನ ಗುಡ್ಡವನ್ನೇ ಎಬ್ಬಿಸುತ್ತಿದ್ದರು. ೧೯೬೯ರಲ್ಲಿ ಕಜಕಸ್ತಾನದ ಇಸ್ಸಿಕ್ ಎಂಬಲ್ಲಿ ಅಂಥ ಒಂದು ಗುಡ್ಡದ ಅಡಿಯಲ್ಲಿ ಮೊನಚಾದ ಎತ್ತರದ ಟೊಪ್ಪಿಗೆಯ, ಅಡಿಯಿಂದ ಮುಡಿಯವರೆಗೆ ಸಾವಿರಾರು ಚಿನ್ನದ ತುಣುಕುಗಳಿಂದ ಅಲಂಕೃತವಾದ ದೇಹವು ದೊರೆತಾಗ, ದಾರಯವಹುವಿನ ಶಾಸನಗಳಲ್ಲಿ ಬರುವ ಮೊನೆಟೊಪ್ಪಿಗೆಯ ಶಕರೆಂಬ ಹೆಸರು ಹುಸಿಯಲ್ಲವೆಂದು ಜನರು ಕಣ್ಣಾರೆ ಕಂಡರು.

ಈ ಜನರು ತಮ್ಮ ಹುಲ್ಲುಗಾವಲನ್ನು ಬಿಟ್ಟುದು ಸಾಹಸಕ್ಕಾಗಿಯೇ ಅಲ್ಲ. ಒಬ್ಬರು ಇನ್ನೊಬ್ಬರನ್ನು ತಳ್ಳಿದುದರಿಂದ. ಕ್ರಿ.ಪೂ. ೧೭೬ರ ಸುಮಾರಿಗೆ ಚೀನದ ವಾಯವ್ಯದಲ್ಲಿ ಹ್ಸಿಯುಂಗ್-ನು ಜನರು ಯೂ-ಚಿ ಜನರನ್ನು ಸೋಲಿಸಿ ಓಡಿಸಿದರು. ಓಡಿದ ಯೂ-ಚಿಗಳು ಇಲಿ ನದಿಯ ಕಣಿವೆಯಲ್ಲಿದ್ದ ಶಕರ ಮೇಲೆ ಬಿದ್ದರು. ನೆಲೆ ಕಳೆದುಕೊಂಡ ಶಕರು ದಕ್ಷಿಣಕ್ಕೆ ಇಳಿದರು. ಸೋತವನು ಮತ್ತೊಬ್ಬನನ್ನು ಸೋಲಿಸಿ ಬದುಕಬೇಕಾದ ಈ ಸರಪಣಿಯ ಹೊಡೆತಕ್ಕೆ ಪಾರ್ಥಿಯದ ಅರಸರಿಬ್ಬರು ಹತ್ತು ವರ್ಷ ತುಂಬುವುದರೊಳಗೆ ಒಬ್ಬರ ಹಿಂದೊಬ್ಬರು ಬಲಿಯಾದರು. ಎರಡನೆಯ ಮಿಥ್ರದಾತನು ಅವರನ್ನು ತಡೆದಾಗ ಶಕರು ಈಗಿನ ಇರಾನ್ ಮತ್ತು ಅಫಘಾನಿಸ್ತಾನಗಳ ಗಡಿಯಲ್ಲಿ ಹೆಲ್ಮಂಡ್ ನದಿಯ ಜೌಗು ಸೀಮೆಯಲ್ಲಿ ನೆಲೆಸಿದರು. ಆ ನಾಡಿಗೆ ಶಕಸ್ಥಾನವೆಂದು ಹೆಸರಾಯಿತು. ಇಂದಿನ ಸೀಸ್ತಾನವೆಂಬುದು ಆ ಹೆಸರಿನ ಸವೆದ ರೂಪವೇ. ಬೇರೆ ಕವಲುಗಳು ಬೇರೆಡೆ ನಿಂತವು. ಪಶ್ಚಿಮದ ಸಿಥಿಯನ್ನರು ಕ್ರಿಮಿಯದಲ್ಲಿ ಕೋಟೆ ಕಟ್ಟಿಕೊಂಡು ಕ್ರಿಸ್ತಶಕದ ಮೂರನೆಯ ಶತಮಾನದವರೆಗೂ ಉಳಿದರು. ಪೂರ್ವದಲ್ಲಿ ಖೋತಾನದಲ್ಲಿ ನೆಲೆನಿಂತ ಶಕರು ಬೌದ್ಧಧರ್ಮವನ್ನು ಸ್ವೀಕರಿಸಿ ತಮ್ಮ ನುಡಿಯನ್ನು ಭಾರತದ ಬ್ರಾಹ್ಮೀ ಲಿಪಿಯಲ್ಲಿಯೇ ಬರೆದರು. ಶಕಸ್ಥಾನದಿಂದ ಹೊರಟವರು ಸಿಂಧೂ ಕಣಿವೆಗೆ ಇಳಿದು, ಅಲ್ಲಿಂದ ತಕ್ಷಶಿಲೆ, ಮಥುರೆ, ಸೌರಾಷ್ಟ್ರಗಳವರೆಗೆ ಹರಡಿದರು. ಗ್ರೀಕ್ ಭೂಗೋಳಜ್ಞನಾದ ಟಾಲೆಮಿಯು ಸಿಂಧೂ ನದಿಯ ಕೆಳನಾಡನ್ನು ಭಾರತೀಯ ಸಿಥಿಯವೆಂದೇ ಹೆಸರಿಸಿದನು.

ಪಶ್ಚಿಮ ಭಾರತದಲ್ಲಿ ಮೊದಲು ಅಧಿಕಾರಕ್ಕೆ ಬಂದವರು ಕ್ಷಹರಾತರೆಂಬ ಮನೆತನದವರು. ಕ್ಷತ್ರಪನೆಂಬ ಬಿರುದು ಪಾರಸೀಕ ಮೂಲದ್ದು. ರಾಜ್ಯವನ್ನು ಕಾಯುವವನೆಂದು ಅದರ ಅರ್ಥ. ಕ್ಷಹರಾತ ನಹಪಾನನ ಅಳಿಯ ಉಷವದಾತನು ತಾನು ಶಕನೆಂದು ಮರೆಮಾಚದೆ ಬರೆಸಿಕೊಂಡು, ಅದೇ ಉಸಿರಿನಲ್ಲಿ ಬ್ರಾಹ್ಮಣರಿಗೆ ಗೋದಾನವನ್ನೂ ಭಿಕ್ಷುಗಳಿಗೆ ನಾಸಿಕದಲ್ಲಿ ಗುಹೆಯನ್ನೂ ಹೊಳೆ ದಾಟುವವರಿಗೆ ಹಣ ಕೇಳದ ದೋಣಿಗಳನ್ನೂ ಒದಗಿಸಿದನು. ಆದರೆ ಆ ಮನೆತನ ಬಾಳಲಿಲ್ಲ. ಸಾತವಾಹನ ಗೌತಮೀಪುತ್ರ ಸಾತಕರ್ಣಿಯು ನಹಪಾನನನ್ನು ಮುರಿದನು. ೧೯೦೬ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‌ಟೆಂಬಿಯಲ್ಲಿ ದೊರೆತ ನಿಧಿಯಲ್ಲಿ ನಹಪಾನನ ೧೩ ಸಾವಿರಕ್ಕೂ ಮೀರಿದ ಬೆಳ್ಳಿ ನಾಣ್ಯಗಳಿದ್ದವು. ಅವುಗಳಲ್ಲಿ ೯ ಸಾವಿರಕ್ಕೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರನ ಮುದ್ರೆ ಒತ್ತಲ್ಪಟ್ಟಿತ್ತು. ಸೋತವನ ಮುಖದ ಮೇಲೆ ಗೆದ್ದವನ ಹೆಸರು! ಗೌತಮೀಪುತ್ರನ ತಾಯಿ ಬಲಶ್ರೀಯು ನಾಸಿಕದ ಶಾಸನದಲ್ಲಿ ತನ್ನ ಮಗನು ಶಕ, ಯವನ, ಪಹ್ಲವರನ್ನು ನಾಶಮಾಡಿ ಕ್ಷಹರಾತ ಕುಲವನ್ನು ನಿರ್ಮೂಲಗೊಳಿಸಿದನೆಂದು ಹೆಮ್ಮೆಪಟ್ಟಳು.

ಶಕರ ಕಥೆ ಅಲ್ಲಿಗೇ ಮುಗಿಯಬೇಕಾಗಿತ್ತು. ಮುಗಿಯದಂತೆ ಮಾಡಿದವರು ಕಾರ್ದಮಕರೆಂಬ ಇನ್ನೊಂದು ಮನೆತನದವರು. ಅವರ ಹೆಸರುಗಳನ್ನು ಒಂದರ ಕೆಳಗೊಂದು ಬರೆದರೆ ಅದೇ ಒಂದು ಇತಿಹಾಸ. ಮೂಲಪುರುಷನ ಹೆಸರು ಯ್ಸಾಮೊತಿಕ. ಬ್ರಾಹ್ಮಿಯಲ್ಲಿ ಇಲ್ಲದ ಒಂದು ಶಕ ಧ್ವನಿಯನ್ನು ಹಿಡಿದಿಡಲು ಯಕಾರಕ್ಕೆ ಸಕಾರವನ್ನು ಒತ್ತಾಗಿ ಕೊಟ್ಟು ಬರೆದ ರೂಪವದು. ಖೋತಾನದ ಶಕರೂ ಆ ಧ್ವನಿಗೆ ಇದೇ ಒತ್ತಕ್ಷರವನ್ನು ಬಳಸಿದರೆಂಬುದು ಕುತೂಹಲಕಾರಿ. ಅವನ ಮಗ ಚಷ್ಟನ. ಈ ಹೆಸರೂ ನಮ್ಮ ಕಿವಿಗೆ ಒರಟೇ. ಚಷ್ಟನನ ಮಗ ಜಯದಾಮ, ಅವನ ಮಗನೇ ನಮ್ಮ ರುದ್ರದಾಮ. ಮುಂದೆ ರುದ್ರಸಿಂಹ, ವಿಶ್ವಸಿಂಹ ಎಂಬ ಹೆಸರುಗಳು ಬರುತ್ತವೆ. ಹೊರನಾಡಿನ ಹೆಸರು ನಾಲ್ಕು ತಲೆಮಾರುಗಳಲ್ಲಿ ಕರಗಿ ಈ ನೆಲದ ದೇವರ ಹೆಸರಾಯಿತು.

ಚಷ್ಟನನು ಉಜ್ಜಯಿನಿಯನ್ನು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡ ವಿಷಯವನ್ನು ಟಾಲೆಮಿಯೂ ಬಲ್ಲನು. ಜಯದಾಮನು ಕ್ಷತ್ರಪನಾಗಿಯೇ ಉಳಿದು, ಮಹಾಕ್ಷತ್ರಪನಾಗದೆ ತಂದೆಗಿಂತ ಮುಂಚೆಯೇ ತೀರಿಕೊಂಡಂತೆ ತೋರುತ್ತದೆ. ಆದುದರಿಂದ ರಾಜ್ಯಭಾರದ ನೊಗಕ್ಕೆ ಅಜ್ಜನ ಪಕ್ಕದಲ್ಲಿ ಮೊಮ್ಮಗನು ಹೆಗಲು ಕೊಡಬೇಕಾಯಿತು. ಕಚ್ಛದ ಅಂಧೌ ಎಂಬ ಗ್ರಾಮದಲ್ಲಿ ಸಾಮಾನ್ಯ ಗೃಹಸ್ಥರು ತಮ್ಮ ಮೃತ ಬಂಧುಗಳ ನೆನಪಿಗೆ ನಿಲ್ಲಿಸಿದ ನಾಲ್ಕು ಕಲ್ಲುಗಳಿವೆ. ನಮ್ಮ ವೀರಗಲ್ಲುಗಳಂತೆ ಅವುಗಳಲ್ಲಿ ಕಾಳಗದ ಚಿತ್ರಗಳಿಲ್ಲ, ಬರಿಯ ಬರಹವಿದೆ. ಐವತ್ತೆರಡನೆಯ ವರ್ಷದ, ಎಂದರೆ ಕ್ರಿ.ಶ. ೧೩೦ರ ಆ ಬರಹಗಳಲ್ಲಿ ಚಷ್ಟನ ಮತ್ತು ರುದ್ರದಾಮರಿಬ್ಬರ ಹೆಸರುಗಳೂ ಜೊತೆಯಾಗಿ ಬಂದಿವೆ. ಇದು ರುದ್ರದಾಮನನ್ನು ನಾವು ಮೊದಲು ಕಾಣುವ ಸ್ಥಳ.

ಅಜ್ಜನ ಕಾಲಾನಂತರ ರುದ್ರದಾಮನು ಮಹಾಕ್ಷತ್ರಪ ಪದವಿಯನ್ನು ಧರಿಸಿದನು. ಆ ಪದವಿಯನ್ನು ತಾನೇ ಸಂಪಾದಿಸಿದುದಾಗಿ ಶಾಸನವು ಒತ್ತಿ ಹೇಳುತ್ತದೆ. ಪೂರ್ವ ಮತ್ತು ಅಪರ ಆಕರಾವಂತಿ, ಅನೂಪ, ಆನರ್ತ, ಸುರಾಷ್ಟ್ರ, ಶ್ವಭ್ರ, ಮರು, ಕಚ್ಛ, ಸಿಂಧು, ಸೌವೀರ, ಕುಕುರ, ಅಪರಾಂತ, ನಿಷಾದ ಎಂದು ಅವನ ನಾಡುಗಳ ಪಟ್ಟಿ ಸಾಗುತ್ತದೆ. ಈ ಪಟ್ಟಿಯನ್ನು ಬಲಶ್ರೀಯ ನಾಸಿಕ ಶಾಸನದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಸುರಾಷ್ಟ್ರ, ಕುಕುರ, ಅಪರಾಂತ, ಅನೂಪ, ಆಕರ, ಅವಂತಿ ಎಂಬ ಹೆಸರುಗಳು ಎರಡರಲ್ಲಿಯೂ ಇವೆ. ಗೌತಮೀಪುತ್ರನು ಗೆದ್ದ ನಾಡುಗಳನ್ನು ಒಂದು ತಲೆಮಾರಿನೊಳಗೆ ಕಾರ್ದಮಕರು ಮರಳಿ ಪಡೆದರೆಂಬುದಕ್ಕೆ ಬೇರೆ ಸಾಕ್ಷ್ಯವೇ ಬೇಡ. ಕಲಬುರಗಿ ಜಿಲ್ಲೆಯ ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ ೧೯೯೦ರ ದಶಕದಲ್ಲಿ ಅಗೆದು ತೆಗೆದ ಬೌದ್ಧಸ್ತೂಪದ ಒಂದು ಶಿಲಾಫಲಕದಲ್ಲಿ ಗೌತಮೀಪುತ್ರನ ಉತ್ತರಾಧಿಕಾರಿ ಪುಳುಮಾವಿಯು ಉಜ್ಜಯಿನಿಯನ್ನು ಕೊಡುತ್ತಿರುವನೆಂಬ ಅಡಿಬರಹವಿದೆ. ಅದರ ಪೂರ್ಣ ಅರ್ಥದ ಬಗೆಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲದಿದ್ದರೂ, ಉಜ್ಜಯಿನಿಯು ಕೈಬದಲಾಯಿಸಿದ ಸುದ್ದಿ ಭೀಮಾನದಿಯ ದಂಡೆಯವರೆಗೂ ಮುಟ್ಟಿತ್ತೆಂಬುದು ಸ್ವಾರಸ್ಯಕರವಾಗಿದೆ.

ಉತ್ತರದಲ್ಲಿ ತಮಗೆ ಸಮಾನ ವೀರರಿಲ್ಲವೆಂದು ಬೀಗುತ್ತಿದ್ದ ಯೌಧೇಯರನ್ನು ರುದ್ರದಾಮನು ಬಗ್ಗುಬಡಿದನು. ದಕ್ಷಿಣಾಪಥದ ಒಡೆಯನಾದ ಸಾತಕರ್ಣಿಯನ್ನು ಎರಡು ಸಲ ಪ್ರತ್ಯಕ್ಷ ಯುದ್ಧದಲ್ಲಿ ಸೋಲಿಸಿದನು. ಆದರೆ ಸಂಬಂಧವು ದೂರದ್ದಲ್ಲವಾದುದರಿಂದ ಅವನನ್ನು ಕೊಲ್ಲದೆ ಬಿಟ್ಟನು. ಆ ಸಂಬಂಧವೇನೆಂಬುದನ್ನು ಮುಂಬಯಿಯ ಸಮೀಪದ ಕಾನ್ಹೇರಿಯ ಗುಹೆಯಲ್ಲಿರುವ ಮುರುಕು ಶಾಸನವೊಂದು ಸೂಚಿಸುತ್ತದೆ. ವಾಸಿಷ್ಠೀಪುತ್ರ ಸಾತಕರ್ಣಿಯ ರಾಣಿಯು ಕಾರ್ದಮಕ ವಂಶದವಳು, ಮಹಾಕ್ಷತ್ರಪನ ಮಗಳು ಎಂದು ಅದರಲ್ಲಿದೆ. ತಂದೆಯ ಹೆಸರಿನ ಜಾಗದಲ್ಲಿ ಕಲ್ಲು ಒಡೆದು ರು ಎಂಬ ಮೊದಲಕ್ಷರ ಮಾತ್ರ ಉಳಿದಿದೆ. ಶಕರನ್ನು ಬೇರುಸಹಿತ ಕಿತ್ತೆಸೆದೆನೆಂದ ಮನೆಗೆ ಶಕರ ಮಗಳೇ ಸೊಸೆಯಾಗಿ ಹೋದಳು! ಸೋತ ಅರಸನೇ ಅಳಿಯನೋ, ಅಳಿಯನ ಬಂಧುವೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಎರಡು ಮನೆಗಳ ನಡುವೆ ಮದುವೆಯಾದುದು ಮಾತ್ರ ನಿಶ್ಚಯ. ಆ ಶಾಸನದ ಉದ್ದೇಶವಾದರೂ ಏನು? ರಾಣಿಯ ಅಮಾತ್ಯನಾದ ಸತೇರಕನು ಭಿಕ್ಷುಗಳಿಗಾಗಿ ಒಂದು ನೀರಿನ ತೊಟ್ಟಿಯನ್ನು ದಾನಮಾಡಿದ ವಿಷಯ. ತಂದೆ ಅತ್ತ ಕೆರೆಯ ಏರಿಯನ್ನು ಕಟ್ಟಿಸಿದನು. ಇತ್ತ ಮಗಳ ನೆನಪು ಉಳಿದುದೂ ನೀರಿನ ನೆಪದಿಂದಲೇ.

ಆ ಕೆರೆಯ ಕಥೆಯೇ ಜುನಾಗಢ ಶಾಸನದ ಮುಖ್ಯ ವಿಷಯ. ಊರ್ಜಯತ್ ಎಂಬ ಹೆಸರಿದ್ದ ಗಿರಿನಾರದ ತಪ್ಪಲಲ್ಲಿ, ಚಂದ್ರಗುಪ್ತ ಮೌರ್ಯನ ಪ್ರಾಂತಾಧಿಕಾರಿಯಾದ ವೈಶ್ಯ ಪುಷ್ಯಗುಪ್ತನು ಸುದರ್ಶನವೆಂಬ ಸರೋವರವನ್ನು ಕಟ್ಟಿಸಿದ್ದನು. ಅಶೋಕನ ಕಾಲದಲ್ಲಿ ಆ ನಾಡನ್ನು ಆಳುತ್ತಿದ್ದ ಯವನ ತುಷಾಸ್ಫನು ಅದಕ್ಕೆ ಕಾಲುವೆಗಳನ್ನು ಮಾಡಿಸಿದನು. ನಾಲ್ಕುನೂರು ವರ್ಷಗಳಿಗೂ ಮೀರಿ ಬಾಳಿದ ಆ ಕೆರೆಯು ಎಪ್ಪತ್ತೆರಡನೆಯ ವರ್ಷದ, ಎಂದರೆ ಕ್ರಿ.ಶ. ೧೫೦ರ ಮಾರ್ಗಶೀರ್ಷ ಬಹುಳ ಪಾಡ್ಯಮಿಯಂದು ಒಡೆಯಿತು. ಭೂಮಿಯೆಲ್ಲ ಒಂದೇ ಕಡಲಾಯಿತೋ ಎಂಬಂತೆ ಮಳೆ ಸುರಿದು, ಸುವರ್ಣಸಿಕತಾ, ಪಲಾಶಿನೀ ಮೊದಲಾದ ಹೊಳೆಗಳು ಉಕ್ಕಿದವು. ಏರಿಯನ್ನು ಉಳಿಸಿಕೊಳ್ಳಲು ಮಾಡಿದ ಪ್ರಯತ್ನಗಳೆಲ್ಲ ವ್ಯರ್ಥವಾದವು. ಪ್ರಳಯಕಾಲದ್ದೆನಿಸುವ ಗಾಳಿಯು ಬೆಟ್ಟದ ತುದಿಗಳನ್ನೂ ಮರಗಳನ್ನೂ ಬುರುಜು ಬಾಗಿಲುಗಳನ್ನೂ ಕಿತ್ತು ನೀರಿಗೆ ನೂಕಿತು. ೪೨೦ ಮೊಳ ಉದ್ದ, ಅಷ್ಟೇ ಅಗಲ, ೭೫ ಮೊಳ ಆಳದ ಕಂಡಿ ಬಿದ್ದು ನೀರೆಲ್ಲ ಹರಿದುಹೋಯಿತು. ಕೆರೆಯ ಅಂಗಳ ಮರುಭೂಮಿಯಂತಾಯಿತು. ಹೆಸರಿನಲ್ಲಿ ಸುದರ್ಶನವಾಗಿದ್ದುದು ನೋಟಕ್ಕೆ ದುರ್ದರ್ಶನವಾಯಿತೆಂದು ಶಾಸನಕವಿ ಆ ಸಂಕಟದಲ್ಲಿಯೂ ಒಂದು ಶ್ಲೇಷೆಯನ್ನು ಬಿಡಲಿಲ್ಲ.

ಕೆರೆ ಒಡೆಯುವುದೆಂದರೆ ಏನೆಂಬುದನ್ನು ಕೆರೆಗಳ ನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ವರ್ಷದ ಬೆಳೆ ಹೋಗುವುದು ಒಂದು ನಷ್ಟ. ಮುಂದಿನ ವರ್ಷಗಳ ಆಸೆ ಹೋಗುವುದು ಅದಕ್ಕಿಂತ ದೊಡ್ಡ ನಷ್ಟ. ರುದ್ರದಾಮನು ಏರಿಯನ್ನು ಮತ್ತೆ ಕಟ್ಟಿಸಬೇಕೆಂದಾಗ ಅವನ ಮಂತ್ರಿಗಳು ಒಪ್ಪಲಿಲ್ಲ. ಆಲೋಚನೆ ಹೇಳುವ ಮತಿಸಚಿವರೂ ಕಾರ್ಯ ನಡೆಸುವ ಕರ್ಮಸಚಿವರೂ, ಅಮಾತ್ಯರಿಗೆ ಬೇಕಾದ ಗುಣಗಳೆಲ್ಲ ಇದ್ದವರೇ ಆಗಿದ್ದರೂ, ಕಂಡಿಯ ಗಾತ್ರವನ್ನು ನೋಡಿ ಎದೆಗುಂದಿ, ಆರಂಭವನ್ನೇ ನಿರಾಕರಿಸಿದರು. ಏರಿಯು ಇನ್ನು ಏಳುವುದಿಲ್ಲವೆಂದು ತಿಳಿದು ಪ್ರಜೆಗಳು ಹಾಹಾಕಾರ ಮಾಡಿದರು.

ಪ್ರಶಸ್ತಿಗಳ ಮಾತನ್ನು ಮಾತಿನಂತೆಯೇ ನಂಬಬಾರದೆಂಬುದು ಇತಿಹಾಸದ ವಿದ್ಯಾರ್ಥಿ ಕಲಿಯುವ ಮೊದಲ ಪಾಠ. ಹೊಗಳಿಕೆಗೆ ಅರಸನ ಅನ್ನದ ಋಣವಿರುತ್ತದೆ. ರುದ್ರದಾಮನು ವ್ಯಾಕರಣ, ಸಂಗೀತ, ನ್ಯಾಯಗಳಲ್ಲಿ ಪಾರಂಗತನು, ಗದ್ಯಪದ್ಯಗಳಲ್ಲಿ ನಿಪುಣನು, ಕುದುರೆ, ಆನೆ, ರಥಗಳನ್ನು ನಡೆಸುವುದರಲ್ಲಿ ಕುಶಲನು, ರಾಜಕನ್ಯೆಯರ ಸ್ವಯಂವರಗಳಲ್ಲಿ ಅನೇಕ ಮಾಲೆಗಳನ್ನು ಗಳಿಸಿದವನು ಎಂಬ ಮಾತುಗಳಲ್ಲಿ ಎಷ್ಟು ಭಾಗವನ್ನು ಕಳೆಯಬೇಕೋ ಕಳೆಯೋಣ. ಆದರೆ ದೊರೆಯ ಮಾತನ್ನು ಅವನ ಮಂತ್ರಿಮಂಡಲವೇ ತಳ್ಳಿಹಾಕಿತೆಂಬುದನ್ನು ಯಾವ ಹೊಗಳುಭಟನೂ ಸುಮ್ಮನೆ ಕಲ್ಪಿಸಿ ಕಲ್ಲಿನ ಮೇಲೆ ಬರೆಯಲಾರನು. ಕಂಡಿಯ ಅಳತೆಯನ್ನು ಮೊಳಲೆಕ್ಕದಲ್ಲಿ ಕೊಡುವ ಅಗತ್ಯವೂ ಅವನಿಗಿಲ್ಲ. ಈ ಭಾಗದಲ್ಲಿ ನಡೆದ ಸಂಗತಿಯ ಗಟ್ಟಿತನವಿದೆ.

ದೊರೆ ಮಂತ್ರಿಗಳನ್ನು ಮೀರಿ ಕೆಲಸವನ್ನು ಸುವಿಶಾಖನಿಗೆ ಒಪ್ಪಿಸಿದನು. ಆನರ್ತ ಸುರಾಷ್ಟ್ರಗಳ ಆಡಳಿತವನ್ನು ವಹಿಸಿಕೊಂಡಿದ್ದ ಈ ಅಮಾತ್ಯನು ಕುಲೈಪನ ಮಗ, ಜನ್ಮದಿಂದ ಪಹ್ಲವ. ಸಮರ್ಥನು, ಸಂಯಮಿ, ಗರ್ವವಿಲ್ಲದವನು, ಲಂಚಕ್ಕೆ ಕೈಯೊಡ್ಡದವನು ಎಂದು ಶಾಸನ ಅವನನ್ನು ಮೆಚ್ಚಿದೆ. ಬಹಳ ಕಾಲ ಹಿಡಿಯದೆ ಏರಿಯು ಮೊದಲಿಗಿಂತ ಮೂರುಪಟ್ಟು ದೃಢವಾಗಿ ಎದ್ದಿತು. ವೈಶ್ಯನು ಕಟ್ಟಿದ, ಯವನನು ಕಾಲುವೆ ತೋಡಿಸಿದ ಕೆರೆಯನ್ನು ಶಕ ದೊರೆಯ ಅಪ್ಪಣೆಯಂತೆ ಪಹ್ಲವನು ಉಳಿಸಿದನು.

ಇದರ ವೆಚ್ಚವು ಎಲ್ಲಿಂದ ಬಂದಿತೆಂಬುದು ಈ ಲೇಖಕನ ದೃಷ್ಟಿಯಲ್ಲಿ ಇಡೀ ಶಾಸನದ ಅತ್ಯಂತ ಬೆಲೆಯುಳ್ಳ ಭಾಗ. ಪುರದ ಮತ್ತು ಗ್ರಾಮಗಳ ಜನರನ್ನು ಕರ, ವಿಷ್ಟಿ, ಪ್ರಣಯಗಳೆಂಬ ಮೂರರಿಂದಲೂ ಪೀಡಿಸದೆ, ತನ್ನ ಬೊಕ್ಕಸದಿಂದಲೇ ಅಪಾರ ಧನವನ್ನು ವ್ಯಯಿಸಿ ದೊರೆಯು ಈ ಕಾರ್ಯವನ್ನು ಮಾಡಿಸಿದನು. ಕರವೆಂಬುದು ತಿಳಿದುದೇ. ವಿಷ್ಟಿಯೆಂಬುದು ಕೂಲಿ ಕೊಡದೆ ದುಡಿಸಿಕೊಳ್ಳುವುದು. ನಮ್ಮ ಹಳ್ಳಿಗಳ ಬಿಟ್ಟಿ ಎಂಬ ಮಾತು ಇದರಿಂದಲೇ ಹುಟ್ಟಿದುದು. ಇನ್ನು ಪ್ರಣಯ! ಪ್ರೀತಿಯೆಂಬ ಅರ್ಥದ ಆ ಸುಂದರ ಶಬ್ದವು ಅರ್ಥಶಾಸ್ತ್ರದಲ್ಲಿ, ಬೊಕ್ಕಸ ಬರಿದಾದಾಗ ಅರಸನು ಪ್ರಜೆಗಳಿಂದ ಪ್ರೀತಿಯ ಹೆಸರಿನಲ್ಲಿ ಎತ್ತುವ ಹೆಚ್ಚುವರಿ ವಸೂಲಿಗೆ ಸಲ್ಲುತ್ತದೆ. ಹಣ ಕೇಳುವವರು ಸಿಹಿಮಾತನ್ನು ಹುಡುಕುವುದು ಇಂದಿನ ಸಂಗತಿಯೇನೂ ಅಲ್ಲ. ಬೊಕ್ಕಸದಲ್ಲಿದ್ದ ಚಿನ್ನ, ಬೆಳ್ಳಿ, ವಜ್ರ, ವೈಡೂರ್ಯಗಳೂ ನ್ಯಾಯವಾಗಿ ಬಂದ ಬಲಿ, ಶುಲ್ಕ, ಭಾಗಗಳಿಂದಲೇ ಕೂಡಿದವು, ಎಂದರೆ ಕೊನೆಗೆ ಪ್ರಜೆಗಳು ಕೊಟ್ಟುದೇ. ಆದರೆ ಕೆರೆ ಒಡೆದು ಬಡವಾದ ವರ್ಷದಲ್ಲಿ ಅವರ ಮೇಲೆ ಮತ್ತೊಂದು ಹೊರೆ ಬೀಳಲಿಲ್ಲ.

ಯುದ್ಧರಂಗದ ಹೊರಗೆ ಮನುಷ್ಯನನ್ನು ಕೊಲ್ಲುವುದಿಲ್ಲವೆಂಬ ವ್ರತವನ್ನು ಅವನು ಕೊನೆಯುಸಿರಿನವರೆಗೆ ತೊಟ್ಟಿದ್ದನೆಂದೂ ಶಾಸನದಲ್ಲಿದೆ. ಗಡಿಯುದ್ದಕ್ಕೂ ಕಾದಾಡಿದ ದೊರೆಗೆ ಅದು ಎಷ್ಟು ಇಕ್ಕಟ್ಟಿನ ವ್ರತವೆಂದು ಓದುಗರೇ ಊಹಿಸಬಹುದು.

ಮನುಸ್ಮೃತಿಯು ಶಕರನ್ನು ಯವನ ಪಹ್ಲವರೊಡನೆ ಸೇರಿಸಿ, ಸಂಸ್ಕಾರಗಳನ್ನು ಬಿಟ್ಟುದರಿಂದ ಕ್ಷತ್ರಿಯತ್ವವನ್ನು ಕಳೆದುಕೊಂಡವರೆಂದು ಕೆಳಗೆ ಇಳಿಸಿತು. ಬ್ರಾಹ್ಮಣರೆಂದು ಹೇಳಿಕೊಂಡ ಸಾತವಾಹನರು ತಮ್ಮ ಶಾಸನಗಳನ್ನು ಜನರಾಡುವ ಪ್ರಾಕೃತದಲ್ಲಿ ಬರೆಸಿದರು. ಹೀಗೆ ಕೆಳಗಿಳಿಸಲ್ಪಟ್ಟ ಕುಲದ ರುದ್ರದಾಮನು ಸಂಸ್ಕೃತದಲ್ಲಿ ಬರೆಸಿದನು. ಹೊರಗಿನವನಿಗೆ ಮನ್ನಣೆ ಬೇಕಾಗಿತ್ತು, ಆದುದರಿಂದ ದೇವಭಾಷೆಯನ್ನು ಹಿಡಿದನೆಂದು ಕೆಲವು ವಿದ್ವಾಂಸರು ಹೇಳುವರು. ಇರಬಹುದು. ಆದರೆ ಮನ್ನಣೆಯ ಆಸೆಯೊಂದೇ ಇದ್ದಿದ್ದರೆ ಯಜ್ಞ, ದಿಗ್ವಿಜಯ, ಗೋದಾನಗಳ ವರ್ಣನೆಯೇ ಸಾಕಾಗುತ್ತಿತ್ತು. ಆ ಭಾಷೆಯನ್ನು ಅವನು ವಿನಿಯೋಗಿಸಿದುದು ಒಂದು ಕೆರೆಯ ದುರಸ್ತಿಯ ಲೆಕ್ಕವನ್ನು ಒಪ್ಪಿಸುವುದಕ್ಕೆ. ಅವನ ನಾಣ್ಯಗಳಲ್ಲಿಯೂ ಇದೇ ಒಲವು ಕಾಣುತ್ತದೆ. ನಹಪಾನ, ಚಷ್ಟನರ ನಾಣ್ಯಗಳಲ್ಲಿ ಗ್ರೀಕ್, ಬ್ರಾಹ್ಮೀ, ಖರೋಷ್ಠೀ ಮೂರೂ ಲಿಪಿಗಳಿದ್ದವು. ರುದ್ರದಾಮನ ನಾಣ್ಯಗಳಲ್ಲಿ ಖರೋಷ್ಠಿ ಇಲ್ಲ, ಗ್ರೀಕ್ ಅಕ್ಷರಗಳು ಅರ್ಥವಿಲ್ಲದ ಅಂಚಿನ ಗೆರೆಗಳಾಗಿವೆ, ಓದಬಹುದಾದುದು ಬ್ರಾಹ್ಮಿಯೊಂದೇ.

ರುದ್ರದಾಮನ ಮಕ್ಕಳೂ ಮೊಮ್ಮಕ್ಕಳೂ ಆಳಿದರು. ಮಗ ರುದ್ರಸಿಂಹನ ಕಾಲದಲ್ಲಿ, ಕ್ರಿ.ಶ. ೧೮೧ರಲ್ಲಿ, ಆಭೀರ ಸೇನಾಪತಿ ರುದ್ರಭೂತಿಯು ರಸೋಪದ್ರವೆಂಬ ಗ್ರಾಮದಲ್ಲಿ ಜಲಾಶಯವೊಂದನ್ನು ತೋಡಿಸಿದುದನ್ನು ಗುಂಡಾ ಶಾಸನವು ತಿಳಿಸುತ್ತದೆ. ಮನೆಜಗಳಗಳೂ ಇದ್ದವು, ಅವು ಇಲ್ಲಿ ಬೇಡ. ನಾಲ್ಕನೆಯ ಶತಮಾನದ ಕೊನೆಗೋ ಐದನೆಯದರ ಆದಿಗೋ ಎರಡನೆಯ ಚಂದ್ರಗುಪ್ತನು ಕೊನೆಯ ಕ್ಷತ್ರಪ ಮೂರನೆಯ ರುದ್ರಸಿಂಹನನ್ನು ಗೆದ್ದು ಆ ರಾಜ್ಯವನ್ನು ಗುಪ್ತ ಸಾಮ್ರಾಜ್ಯಕ್ಕೆ ಸೇರಿಸಿಕೊಂಡನು. ಸುದರ್ಶನದ ಏರಿಯು ಮಾತ್ರ ಇನ್ನೂ ನಿಂತಿತ್ತು. ಅದು ಮತ್ತೆ ಒಡೆದುದು ೪೫೫-೫೬ರಲ್ಲಿ. ಆಗ ಸ್ಕಂದಗುಪ್ತನ ಅಧಿಕಾರಿ ಪರ್ಣದತ್ತನ ಮಗ ಚಕ್ರಪಾಲಿತನು ಅದನ್ನು ಕಟ್ಟಿಸಿ, ಅದೇ ಬಂಡೆಯ ಮೇಲೆ ಬರೆಸಿದನು. ಮುಂದೆ ಆ ಕೆರೆಯೂ ಇಲ್ಲವಾಯಿತು.

ಕಾರ್ದಮಕರು ಮುನ್ನೂರು ವರ್ಷಗಳಿಗೂ ಮಿಕ್ಕಿ ತಮ್ಮ ಶಾಸನ ನಾಣ್ಯಗಳಲ್ಲಿ ತಪ್ಪದೆ ಬಳಸಿದ ವರ್ಷಗಣನೆಯು, ಕ್ರಿ.ಶ. ೭೮ರಿಂದ ಆರಂಭವಾಗುವುದು, ಅವರ ಜನಾಂಗದ ಹೆಸರಿನಿಂದಲೇ ಶಕವೆನಿಸಿತು. ದಕ್ಷಿಣದವರು ಮುಂದೆ ಅದಕ್ಕೆ ಶಾಲಿವಾಹನ ಶಕವೆಂದರು, ಶಾಲಿವಾಹನನೆಂದರೆ ಸಾತವಾಹನನೇ. ಎರಡು ಸಲ ಕಾದಾಡಿದ ಎರಡು ಮನೆಗಳು ನಮ್ಮ ಪಂಚಾಂಗದ ಮೊದಲ ಪುಟದಲ್ಲಿ ಒಂದೇ ಹೆಸರಾಗಿ ಕೂಡಿಕೊಂಡಿವೆ. ೧೯೫೭ರಲ್ಲಿ ಭಾರತ ಸರಕಾರವೂ ರಾಷ್ಟ್ರೀಯ ಪಂಚಾಂಗಕ್ಕೆ ಈ ಶಕವನ್ನೇ ಅಂಗೀಕರಿಸಿತು. ಕನ್ನಡನಾಡಿನ ಕಲ್ಲಿನಲ್ಲಿ ಅದು ಅದಕ್ಕಿಂತ ಬಹು ಹಿಂದೆಯೇ ಕಾಣಿಸಿಕೊಂಡಿತ್ತು: ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ ಚಾಲುಕ್ಯ ಮೊದಲನೆಯ ಪುಲಕೇಶಿಯು ಆ ಕಾರ್ಯದ ಕಾಲವನ್ನು ಶಕವರ್ಷ ೪೬೫ ಎಂದು ಬಂಡೆಯ ಮೇಲೆ ಕೆತ್ತಿಸಿದನು.